ಬೋಗುಣಿಯ ಬುಡ ಓದುವ ವಿದ್ಯೆ

ಗಡಗಡ, ಗಡಗಡ, ಆಮೇಲೆ ಒಂದು ಠಣ್. ಮತ್ತೆ ಗಡಗಡ, ಗಡಗಡ, ಠಣ್. ನಮ್ಮ ಸಂಸ್ಥೆಯ ಜೀಪಿನ ಹಿಂಬಾಗಿಲಿಗೆ ಕೊಂಡಿ ಇರಲಿಲ್ಲ. ಡ್ರೈವರ್ ಹುಸೇನಸಾಬ ಅದಕ್ಕೊಂದು ಸರಪಳಿ ಸುತ್ತಿದ್ದ. ರಸ್ತೆಯ ತಗ್ಗು ಬಂದಾಗಲೆಲ್ಲ ಬಾಗಿಲು ಗಡಗಡಿಸಿ, ಕಡೆಗೆ ಸರಪಳಿ ತಗಡಿಗೆ ಬಡಿದು ಠಣ್ ಎನ್ನುತ್ತಿತ್ತು. ಆಗ ವಿಜಾಪುರದಿಂದ ಬಬಲೇಶ್ವರಕ್ಕೆ, ಬಬಲೇಶ್ವರದಿಂದ ನಿಡೋಣಿಗೆ ರಸ್ತೆಗಿಂತ ತಗ್ಗೇ ಹೆಚ್ಚು. ಆ ಸಪ್ಪಳ ಕೇಳುತ್ತ ಕೇಳುತ್ತಲೇ ನಾನು ರಿಸರ್ಚರ್ ಆದೆ. ಎಂಥ ರಿಸರ್ಚರ್ ಆದೆ ಎಂದು ಹೇಳಲಿಕ್ಕೇ ಈಗ ಕೂತದ್ದು. ಆದರೆ ನೀವು ತುಸು ತಾಳ್ಮೆ ತಂದುಕೊಳ್ಳಬೇಕು. ನಾಚಿಕೆಯ ಮಾತನ್ನು ನೇರವಾಗಿ ಆಡುವ ಅಭ್ಯಾಸ ನನಗಿಲ್ಲ. ನಾನು ಓದಿದ ಕಾನ್ವೆಂಟಿನ ಚಾಪೆಲ್ಲಿನಲ್ಲಿ ಪಾದ್ರಿಯ ಮುಂದೆ ತಪ್ಪೊಪ್ಪಿಕೊಳ್ಳುವ ಕನ್ಫೆಶನ್ ಬಾಕ್ಸ್ ಒಂದಿತ್ತು. ಕ್ರೈಸ್ತರಲ್ಲದ ನಮ್ಮಂಥ ಹುಡುಗಿಯರಿಗೆ ಅದರೊಳಗೆ ಪ್ರವೇಶವಿರಲಿಲ್ಲ. ಹೊರಗಿನಿಂದ ಜಾಲಂಧ್ರಕ್ಕೆ ಕಣ್ಣು ಹಚ್ಚಿ ನೋಡಿ ಓಡಿಹೋಗುವುದಷ್ಟೇ ನಮ್ಮ ಪಾಲಿಗೆ ಬಂದದ್ದು.

ಮೊದಲು ನನ್ನದೊಂದು ಚಟದ ವಿಷಯ. ಯಾರ ಮನೆಗೆ ಹೋದರೂ ನನ್ನ ಕಣ್ಣು ಅವರ ಶೋಕೇಸಿಗೆ ಹೋಗುವುದಿಲ್ಲ, ಗೋಡೆಯ ಫೋಟೊಗಳಿಗೂ ಹೋಗುವುದಿಲ್ಲ. ಹಿತ್ತಲಲ್ಲಿ ತಿಕ್ಕಿ, ಬೋರಲು ಹಾಕಿ, ಬಿಸಿಲಿಗಿಟ್ಟ ಬೋಗುಣಿಗಳ ಬುಡಕ್ಕೆ ಹೋಗುತ್ತದೆ. ಹಿಂದಿನ ವರ್ಷ ನನ್ನ ಅಣ್ಣನ ಮೊಮ್ಮಗನಿಗೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ಅವಲಕ್ಕಿಯ ತಾಟು ಹಿಡಿದು ಪಡಸಾಲೆಗೆ ಬರುವ ಹೊತ್ತಿಗೆ ನಾನು ಪಡಸಾಲೆಯಲ್ಲಿರಲಿಲ್ಲ. ಹಿತ್ತಲಲ್ಲಿ ಅವರ ಹಾಲಿನ ಬೋಗುಣಿ ಎತ್ತಿಕೊಂಡು, ಕನ್ನಡಕ ಹಣೆಗೆ ಸರಿಸಿ, ಅದರ ಬುಡವನ್ನು ಬೆಳಕಿಗೆ ಹಿಡಿದಿದ್ದೆ. ಸೊಸೆ ಹುಡುಕಿಕೊಂಡು ಬಂದಳು.

"ಅತ್ತಿ, ಏನ್ ಮಾಡಾಕತ್ತೀರ್ರಿ ಇಲ್ಲಿ?"

"ಏನಿಲ್ಲವಾ. ಜಸ್ಟ್ ನೋಡಾಕತ್ತಿದ್ದೆ."

"ಹೆಣ್ಣು ಒಳಗೈತ್ರಿ. ಹುಡುಗಂದು ಬೋಗೋಣಿ ಜೋಡಿ ಲಗ್ನಾ ಮಾಡೂದೈತೇನು?"

ಈಗ ಎಲ್ಲರ ಮನೆಯಲ್ಲೂ ಗ್ಯಾಸು. ಬೋಗುಣಿಯ ಬುಡ ನೋಡಿದರೆ ನಮ್ಮ ಮುಖವೇ ಕಾಣುತ್ತದೆ. ಆದರೂ ನೋಡುತ್ತೇನೆ. ಯಾರಾದರೂ ಕೇಳಿದರೆ 'ಪ್ರೊಫೆಶನಲ್ ಹ್ಯಾಬಿಟ್' ಎನ್ನುತ್ತೇನೆ. ಅದು ಅರ್ಧ ನಿಜ. ಪ್ರೊಫೆಶನ್ ನನ್ನದು. ಹ್ಯಾಬಿಟ್ ಇನ್ನೊಬ್ಬಳದು. ಅವಳ ಹೆಸರು ಸುಜಾತಾ. ಊರು ತಿಕೋಟಾ.

ಸುಜಾತಾಳಿಗೆ ಬರುವ ಮುಂಚೆ ನನ್ನ ತರಬೇತಿಯ ಬಗ್ಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನಾನು ಏಕಾಏಕಿ ಹೀಗಾದೆ ಎಂದುಕೊಳ್ಳುತ್ತೀರಿ. ಐದನೆಯ ಕ್ಲಾಸಿನಲ್ಲಿ ನಮಗೆ ನೇಚರ್ ಸ್ಟಡಿ ಎಂಬ ಪೀರಿಯಡ್ ಇತ್ತು. ಸಿಸ್ಟರ್ ನಮ್ಮನ್ನು ಕಾಂಪೌಂಡಿನ ದಾಸವಾಳದ ಗಿಡದ ಮುಂದೆ ಸಾಲಾಗಿ ಕೂರಿಸಿ, "ಡ್ರಾ ವಾಟ್ ಯು ಸೀ, ಗರ್ಲ್ಸ್" ಎಂದು ಹೇಳಿ ನೆರಳಿಗೆ ಹೋದರು. ಆ ಗಿಡದ ಹೂವು ಸುತ್ತಿನ ಮೇಲೆ ಸುತ್ತಾಗಿ ಎಸಳಿದ್ದ, ಗೊಂಡೆಯಂಥ ಹೂವು. ಬಿಡಿಸಲು ಬಹಳ ಕಷ್ಟ. ಕ್ಲಾಸಿನ ಗೋಡೆಗೆ ತೂಗುಹಾಕಿದ್ದ ಚಾರ್ಟಿನಲ್ಲಿ ಐದೇ ಎಸಳಿನ ಅಚ್ಚುಕಟ್ಟಾದ ದಾಸವಾಳವಿತ್ತು. ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ ಚಾರ್ಟ್ ನೋಡಿ ಬಂದು ಐದು ಎಸಳು ಬಿಡಿಸಿದೆ. ಪಾರ್ಟ್ಸ್‌ಗೆಲ್ಲ ಹೆಸರು ಬರೆದೆ. ನನ್ನ ಪಕ್ಕದ ಹುಡುಗಿ ಕಂಡದ್ದನ್ನೇ ಬಿಡಿಸಲು ಹೋಗಿ ಕಾಗದದ ಮೇಲೆ ಕೋಸುಗಡ್ಡೆ ಮಾಡಿಟ್ಟಿದ್ದಳು. ಅವಳಿಗೆ 'ಅನ್‌ಟೈಡಿ', ನನಗೆ 'ಎಕ್ಸಲೆಂಟ್', ಜೊತೆಗೆ ಒಂದು ಕೆಂಪು ಸ್ಟಾರ್. ಆ ಸ್ಟಾರನ್ನು ಬಹಳ ವರ್ಷ ಇಟ್ಟುಕೊಂಡಿದ್ದೆ.

ಅಲ್ಲಿಂದ ಮುಂದಕ್ಕೆ ನನ್ನ ಇಂಗ್ಲಿಷು ನನ್ನನ್ನು ಕೈಹಿಡಿದು ನಡೆಸಿತು. ಹೋಮ್ ಸೈನ್ಸ್ ಓದಿದೆ. ವಿಜಾಪುರದ ಒಂದು ಸಣ್ಣ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ನಮ್ಮದು ಅಪ್ಲೈಡ್ ರಿಸರ್ಚ್. ಅಂದರೆ, ಪುಸ್ತಕಕ್ಕಾಗಿ ಅಲ್ಲ, ಜನರ ಮನೆಗಾಗಿ ಮಾಡುವ ಸಂಶೋಧನೆ. ಇದನ್ನು ನಾನು ಬಂಧುಗಳಿಗೆ ವಿವರಿಸಿದಾಗ ನಮ್ಮ ಸೋದರತ್ತೆ, "ಹಂಗಂದ್ರ ಮಂದೀ ಮನಿ ಮನಿ ಅಡ್ಡಾಡೂದು ಅನ್ನು" ಎಂದಿದ್ದಳು. ಅವಳ ಡೆಫಿನಿಶನ್ ಈಗ ನೋಡಿದರೆ ನನ್ನದಕ್ಕಿಂತ ಸರಿಯಾಗಿತ್ತು.

ನನಗೆ ಕೊಟ್ಟ ಕೆಲಸ ಹೊಗೆಯಿಲ್ಲದ ಒಲೆ. ಎರಡು ಬಾಯಿಯ ಮಣ್ಣಿನ ಒಲೆ. ಹೊಗೆ ಕೊಳವೆಯೊಳಗಿಂದ ಹಾದು ಮಾಳಿಗೆಯ ಮೇಲೆ ಹೋಗಬೇಕು. ಪಾತ್ರೆ ಒಲೆಯ ಬಾಯೊಳಗೆ ಅರ್ಧ ಇಳಿದು ಕೂರಬೇಕು, ಉರಿ ಸುತ್ತಮುತ್ತ ಪೋಲಾಗಬಾರದು. ನಿಡೋಣಿಯ ಒಂದಷ್ಟು ಮನೆಗಳಲ್ಲಿ, ತಿಕೋಟಾ ಕಡೆಯ ಬಿಜ್ಜರಗಿಯ ಒಂದಷ್ಟು ಮನೆಗಳಲ್ಲಿ ನಾವೇ ನಿಂತು ಕಟ್ಟಿಸಿದೆವು. ಆಮೇಲೆ ಹೋಗಿ ಹೋಗಿ ನೋಡಬೇಕು, ಬಳಸುತ್ತಾರೋ ಇಲ್ಲವೋ ಫಾರ್ಮಿನಲ್ಲಿ ತುಂಬಬೇಕು. ಅದೇ ಸಂಶೋಧನೆ.

ಇಷ್ಟು ಸುಖದ ಸಂಶೋಧನೆ ಇನ್ನೊಂದಿರಲಿಲ್ಲ. ನಿಡೋಣಿಯಲ್ಲಿ ಗಂಗವ್ವ ಎಂಬವಳ ಮನೆಯೇ ನಮ್ಮ ಮೊದಲ ಮನೆ. ಗಟ್ಟಿ ದನಿಯ, ದೊಡ್ಡ ಕುಂಕುಮದ ಹೆಂಗಸು. ನಾನು ಹೊಸ್ತಿಲು ದಾಟುವಾಗಲೇ ಒಳಗೆ ಹೊಸ ಒಲೆ ಧಗಧಗ ಉರಿಯುತ್ತಿರುತ್ತಿತ್ತು. ಅದರ ಮೇಲೆ ಚಹಾ.

"ಬರ್ರಿ ಮೇಡಂ, ಒಳಗ ಬರ್ರಿ. ಇಲ್ಲೇ ಒಲಿ ಮುಂದ ಕುಂಡ್ರಿ, ಹೊಗಿ ಇಲ್ಲ ಏನಿಲ್ಲ."

"ಕಣ್ಣು ಉರಿಯೂದು ಕಡಿಮಿ ಆಗೇತಿ?"

"ಭಾಳ ಕಡಿಮಿ ಆಗೇತ್ರಿ."

"ದಿನಾ ಇದರ ಮ್ಯಾಲೇ ಅಡಿಗಿ?"

"ಮತ್ತ್ಯಾತರ ಮ್ಯಾಲ ಮಾಡೋಣ್ರಿ? ನೀವು ಕಟ್ಟಿಸಿಕೊಟ್ಟೀರಲ್ಲ."

ನಾನು ಫಾರ್ಮಿನಲ್ಲಿ 'ಇನ್ ರೆಗ್ಯುಲರ್ ಯೂಸ್' ಎಂದು ಟಿಕ್ ಹಾಕುತ್ತಿದ್ದೆ. ಮುಂದಿನ ಮನೆಯಲ್ಲೂ ಒಲೆ ಉರಿಯುತ್ತಿತ್ತು, ಚಹಾ ಕುದಿಯುತ್ತಿತ್ತು. ಅದರ ಮುಂದಿನ ಮನೆಯಲ್ಲೂ ಅಷ್ಟೇ. ಸಂಜೆ ವಿಜಾಪುರಕ್ಕೆ ಮರಳುವಾಗ ಹೊಟ್ಟೆಯೊಳಗೆ ಬರೀ ಚಹಾ ಕುಲುಕುತ್ತಿತ್ತು. ಎಲ್ಲ ಮನೆಯಲ್ಲೂ ಒಂದೇ ಹೊತ್ತಿಗೆ ಚಹಾ ಯಾಕೆ ಕುದಿಯುತ್ತದೆ ಎಂಬ ಪ್ರಶ್ನೆ ನನ್ನ ಕ್ವೆಶ್ಚನೇರಿನಲ್ಲಿ ಇರಲಿಲ್ಲ.

ಎರಡನೆಯ ವರ್ಷ ನನ್ನ ಕೈಕೆಳಗೆ ಫಾರ್ಮು ತುಂಬಲು ಸುಜಾತಾ ಬಂದಳು. ಪಿಯುಸಿ ಮುಗಿಸಿದ್ದ ಇಪ್ಪತ್ತರ ಹುಡುಗಿ. ತಂದೆ ರಸ್ತೆ ರಿಪೇರಿಯ ಗ್ಯಾಂಗಿನಲ್ಲಿದ್ದರು. ಮನೆಯವರು ಬೌದ್ಧರು. ಬುದ್ಧನಿಗೆ ಪಾಯಸ ಕೊಟ್ಟವಳ ಹೆಸರು ತನ್ನದು ಎಂದು ಮೊದಲ ದಿನವೇ ಹೇಳಿದ್ದಳು. ನಾನು "ಹೌ ನೈಸ್" ಎಂದಿದ್ದೆ. ದುಂಡಗಿನ ಅಕ್ಷರ. ಮಾತು ಕಡಿಮೆ. ಹುಸೇನಸಾಬನ ಜೊತೆ ಮಾತ್ರ ನಗುತ್ತಿದ್ದಳು. ಅವನು ಜೀಪಿನ ಸರಪಳಿಯ ಸಪ್ಪಳಕ್ಕೆ ತಾಳ ಹಾಕುತ್ತ, "ಏ ಸುಜಾತಾ, ನಮ್ಮ ಗಾಡಿ ಬ್ಯಾಂಡ್ ಬಾರಸ್ಕೋತ ಬೀಗರ ಊರಿಗೆ ಹೊಂಟೈತಿ ನೋಡ" ಎನ್ನುವನು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುವಳು.

ಅವಳ ಒಂದು ರೀತಿ ನನಗೆ ಹಿಡಿಸುತ್ತಿರಲಿಲ್ಲ. ನಾನು ಮನೆಯೊಳಗೆ ಹೋದರೆ ಅವಳು ಹೊರಗಿನ ಕಟ್ಟೆಯ ಮೇಲೆ ಕೂತುಬಿಡುವಳು. ಅಲ್ಲಿಂದಲೇ ಹೆಂಗಸರನ್ನು ಮಾತಾಡಿಸಿ ಫಾರ್ಮು ತುಂಬುವಳು. ಅವಳಿಗೆ ಚಹಾ ಅಲ್ಲಿಗೇ ಬರುತ್ತಿತ್ತು, ಹಿಡಿಕೆ ಮುರಿದ ಒಂದು ಕಪ್ಪಿನಲ್ಲಿ. ಕುಡಿದ ಮೇಲೆ ಅವಳೇ ಆ ಕಪ್ಪನ್ನು ತೊಳೆದು ಹೊರಗೋಡೆಯ ಗೂಡಿನಲ್ಲಿ ಬೋರಲು ಇಡುತ್ತಿದ್ದಳು. ನಾನು ಅದನ್ನು ನೋಡಿ ಗುಡ್ ಮ್ಯಾನರ್ಸ್ ಎಂದುಕೊಂಡಿದ್ದೆ. ಒಂದು ಸಲ ಹಾಗೆಂದು ಬಾಯಿಬಿಟ್ಟು ಹೊಗಳಿಯೂ ಇದ್ದೆ. ಹುಸೇನಸಾಬ ಜೀಪಿನ ಬಾನೆಟ್ ತೆಗೆದು ಅದರೊಳಗೆ ತಲೆ ಹಾಕಿದ.

ನನಗೆ ಗೊತ್ತಿರಲಿಲ್ಲ ಎಂದರೆ ನೀವು ನಂಬಬಹುದು. ನಾನೂ ಬಹಳ ವರ್ಷ ಹಾಗೆಯೇ ನಂಬಿಕೊಂಡಿದ್ದೆ. ನಮ್ಮ ಅಡ್ಡಹೆಸರು ಕೇಳಿದ ಮೇಲೆ ನನ್ನನ್ನು ಒಲೆಯ ಮುಂದಿನ ಮಣೆಯವರೆಗೂ ಕರೆಯುತ್ತಿದ್ದರು. ಬಾಗಿಲು ತನ್ನಿಂತಾನೇ ತೆರೆಯುತ್ತದೆ ಎಂದು ತಿಳಿದವರಿಗೆ ಬಾಗಿಲಿದೆ ಎಂಬುದೇ ಗೊತ್ತಾಗುವುದಿಲ್ಲ.

ಒಂದು ಮಧ್ಯಾಹ್ನ ಬಬಲೇಶ್ವರದ ಬೇವಿನ ಮರದ ಕೆಳಗೆ ಜೀಪು ನಿಲ್ಲಿಸಿ ಬುತ್ತಿ ಬಿಚ್ಚಿದ್ದೆವು. ನಾನು ಒಂದು ಕೈಯಲ್ಲಿ ಅವಳ ಫಾರ್ಮುಗಳನ್ನು ತಿರುವುತ್ತಿದ್ದೆ. ನನ್ನ ಫಾರ್ಮಿನಲ್ಲಿ 'ಬಳಕೆ ಇದೆ' ಎಂದಿದ್ದ ಮನೆಗಳಿಗೆಲ್ಲ ಅವಳು 'ಬಳಕೆ ಇಲ್ಲ' ಎಂದು ಬರೆದಿದ್ದಳು. ಗಂಗವ್ವನ ಮನೆಗೂ.

"ಸುಜಾತಾ, ಇದೇನಿದು?"

"ಹೊಸಾ ಒಲಿ ಹಚ್ಚಂಗಿಲ್ರಿ ಅವರು."

"ನಾ ಈಗ ಅದರ ಮ್ಯಾಲೆ ಕಾಸಿದ ಚಹಾ ಕುಡಿದು ಬಂದೇನಿ."

"ಚಹಾ ಅಷ್ಟ ಕಾಸ್ತಾರ್ರಿ. ಅದೂ ನೀವು ಬಂದಾಗ."

"ನೀನು ಒಲಿ ನೋಡೀ ಏನು? ಒಳಗ ಹೋಗಿದ್ದೀ?"

"ಇಲ್ರಿ."

"ಮತ್ತ ಹೆಂಗ ಬರದಿ?"

ಅವಳು ರೊಟ್ಟಿ ಕೆಳಗಿಟ್ಟು, ಬೆರಳಿನಿಂದ ಮಣ್ಣಿನಲ್ಲಿ ಒಂದು ಬೋಗುಣಿಯ ಚಿತ್ರ ಬರೆದಳು. ಅದರ ಹೊಟ್ಟೆಗೆ ಅಡ್ಡ ಒಂದು ಗೆರೆ ಎಳೆದಳು.

"ಹೊಸಾ ಒಲಿ ಮ್ಯಾಲ ಇಟ್ರ ಬೋಗೋಣಿ ಅರ್ಧಾ ಒಳಗ ಇಳೀತೈತ್ರಿ. ಮಸಿ ಇಲ್ಲೀತನಾ ಅಷ್ಟ ಹತ್ತತೈತಿ. ಪಟ್ಟಿ ಕಟ್ಟಿದಂಗ ಗೆರಿ ಕಾಣತೈತಿ. ಮೂರು ಕಲ್ಲಿನ ಮ್ಯಾಲ ಇಟ್ರ ಉರಿ ಸುತ್ತಾ ಏರಿ ಕೊರಳತನಾ ಕರ್ರಗಾಗ್ತೈತಿ. ತಿಕ್ಕಿದ್ರೂ ಪೂರಾ ಹೋಗಂಗಿಲ್ಲ. ಅವರು ಪಾತ್ರಿ ಹೊರಗ ಬಿಸಿಲಿಗೆ ಹಾಕಿರ್ತಾರಲ್ರಿ, ನಾ ಕಟ್ಟಿ ಮ್ಯಾಲ ಕುಂತು ನೋಡ್ತೇನಿ. ಯಾರ ಬೋಗೋಣಿಗೂ ಗೆರಿ ಇಲ್ರಿ ಮೇಡಂ."

ಇಷ್ಟು ಉದ್ದದ ಮಾತು ಅವಳು ಅದುವರೆಗೆ ಆಡಿರಲಿಲ್ಲ. ಮಣ್ಣಿನ ಮೇಲಿನ ಆ ಚಿತ್ರ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮೆಥಡಾಲಜಿಯ ಬಗ್ಗೆ ನಾನು ಮುಂದೆ ಓದಿದ ಎಷ್ಟೋ ಪುಸ್ತಕಗಳಲ್ಲಿ ಅಷ್ಟು ಸ್ಪಷ್ಟವಾದ ಡಯಾಗ್ರಾಮ್ ಇನ್ನೊಂದು ಸಿಕ್ಕಿಲ್ಲ. ಆ ಹೊತ್ತಿನಲ್ಲಿ ನಾನು ಮಾಡಿದ್ದೇನೆಂದರೆ, ಚಪ್ಪಲಿಯ ತುದಿಯಿಂದ ಆ ಮಣ್ಣು ಸರಿಸಿ ಎದ್ದುನಿಂತೆ.

"ಇದು ರಿಸರ್ಚ್. ಕಟ್ಟಿ ಮ್ಯಾಲ ಕುಂತು ಅಂದಾಜು ಹೊಡಿಯೂದಲ್ಲ. ಒಳಗ ಹೋಗಾಕ ಏನು ಆಲಸ್ಯಾ ನಿನಗ?"

ಅವಳು ನನ್ನನ್ನು ನೋಡಿದಳು. ಆಮೇಲೆ ಹುಸೇನಸಾಬನನ್ನು ನೋಡಿದಳು. ಅವನು, "ಮೇಡಂ, ಹೊತ್ತಾತು, ಹೊಂಡೂಣ್ರಿ" ಎಂದ. ಅಷ್ಟೇ.

ಆ ಫಾರ್ಮುಗಳನ್ನು ನಾನು ಆಫೀಸಿನಲ್ಲಿ ಕೂತು ತಿದ್ದಿದೆ. 'ಇಲ್ಲ' ಎಂಬಲ್ಲಿ ಗೆರೆ ಹೊಡೆದು 'ಇದೆ' ಎಂದು ಬರೆದೆ. ನಾನು ಕಣ್ಣಾರೆ ಕಂಡದ್ದನ್ನೇ ಬರೆಯುತ್ತಿದ್ದೇನೆ ಎಂದು ನನ್ನ ಮನಸ್ಸು ಎಷ್ಟು ನಿರಾಳವಾಗಿತ್ತೆಂದರೆ, ಬರೆಯುವಾಗ ಏನೋ ಹಾಡು ಗುನುಗುತ್ತಿದ್ದೆ. ಸುಜಾತಾಳ ಕೆಲಸ ಮುಂದುವರಿಸಬೇಕೋ ಬೇಡವೋ ಎಂದು ಡೈರೆಕ್ಟರ್ ಕೇಳಿದಾಗ ಒಂದು ನೋಟ್ ಬರೆದುಕೊಟ್ಟೆ. 'ಕೇರ್‌ಲೆಸ್. ಡಸ್ ನಾಟ್ ಎಂಟರ್ ದ ಹೌಸ್‌ಹೋಲ್ಡ್ಸ್.' ಒಳ್ಳೆಯ ಇಂಗ್ಲಿಷು. ಒಂದು ತಪ್ಪಿಲ್ಲ. ಮುಂದಿನ ತಿಂಗಳಿನಿಂದ ಅವಳು ಬರಲಿಲ್ಲ. ನನ್ನ ವರದಿಗೆ ಎಲ್ಲ ಕಡೆ ಮೆಚ್ಚುಗೆ ಬಂತು. ಪುಣೆಯ ಒಂದು ಸೆಮಿನಾರಿನಲ್ಲಿ ಅದನ್ನು ಓದಿದೆ. ಹೊಸ ರೇಷ್ಮೆ ಸೀರೆ ಉಟ್ಟಿದ್ದೆ.

ಎರಡು ವರ್ಷದ ಮೇಲೆ ಜೀಪು ರಿಪೇರಿಗೆ ಹೋಯಿತು. ನಿಡೋಣಿಯ ಒಲೆಗಳ ಫೋಟೊ ಬೇಕೆಂದು ಮೇಲಿನಿಂದ ಪತ್ರ ಬಂದಿತ್ತು. ನಾನು ಬಸ್ಸು ಹಿಡಿದು ಹೋದೆ. ಊರ ಹೊರಗೆ ಇಳಿದು, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಗಂಗವ್ವನ ಮನೆಯವರೆಗೆ ನಡೆದೆ. ನಾನು ಬರುವುದು ಈ ಸಲ ಯಾರಿಗೂ ಕೇಳಿಸಿರಲಿಲ್ಲ.

ಗಂಗವ್ವ ಹಿತ್ತಲಲ್ಲಿ ಮೂರು ಕಲ್ಲಿನ ಮುಂದೆ ಕೂತು, ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಅಡುಗೆಮನೆಯಲ್ಲಿ ನಮ್ಮ ಒಲೆಯ ಒಂದು ಬಾಯಲ್ಲಿ ಉಳ್ಳಾಗಡ್ಡಿ ತುಂಬಿದ್ದರು. ಇನ್ನೊಂದು ಬಾಯಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಅದು ನನ್ನನ್ನು ಹೊಸ್ತಿಲಲ್ಲಿ ಕಂಡು ಕೊಕ್ ಎಂದಿತು.

ಗಂಗವ್ವನಿಗೆ ಕಿಂಚಿತ್ತೂ ಮುಜುಗರವಾಗಲಿಲ್ಲ. ನಾಚಿಕೆಯ ಪಾಲೆಲ್ಲ ನನಗೇ ಬಿಟ್ಟಿದ್ದಳು.

"ಇವತ್ತ ಗಾಡಿ ಇಲ್ಲೇನ್ರಿ? ನಿಮ್ಮ ಗಾಡಿ ಸಪ್ಪಳ ಹಳ್ಳದ ಆಚಿಂದನ ಕೇಳತೈತಿ. ಕೇಳಿದ ಕೂಡ್ಲೆ ಕೋಳಿ ಎಬ್ಬಿಸಿ ಒಲಿ ಹಚ್ಚತಿದ್ವಿ."

"ಯಾಕ ಗಂಗವ್ವ? ನನಗ ಖರೇ ಹೇಳಬಹುದಿತ್ತಲ್ಲ."

"ಅಷ್ಟು ದೂರಿಂದ ಬಿಸಲಾಗ ಬರ್ತೀರಿ. ನಿಮ್ಮ ಕೈಯಾರೆ ಮಣ್ಣು ಮೆತ್ತಿ ಕಟ್ಟಿಸೀರಿ. ಮನಿಗೆ ಬಂದವರ ಮುಂದ ಅವರ ಕೆಲಸಾನ ಹೆಂಗ ಹಳಿಯೂದ್ರಿ? ರೊಟ್ಟಿ ಹಂಚು ಅದರ ಬಾಯಾಗ ಕುಂಡ್ರಂಗಿಲ್ಲ. ರೊಟ್ಟಿ ನಡುವ ಸುಡತೈತಿ, ಅಂಚು ಹಸೀ ಉಳೀತೈತಿ. ಅಷ್ಟ." ಆಮೇಲೆ ರೊಟ್ಟಿ ತಿರುವಿಹಾಕಿ ಕೇಳಿದಳು: "ಯಾಕ, ಆ ಹುಡುಗಿ ಹೇಳಲಿಲ್ಲೇನು ನಿಮಗ? ಕಟ್ಟಿ ಮ್ಯಾಲ ಕುಂತು ಎಲ್ಲಾ ಬರಕೊಂಡು ಹೋಗತಿದ್ಲಲ್ಲ. ಭಾಳ ಚುರುಕ ಕಣ್ಣು ಆಕೀದು."

"ನೀವು ಆಕೀನ್ನ ಒಳಗ ಯಾಕ ಕರೀಲಿಲ್ಲ?"

ಗಂಗವ್ವ ನನ್ನನ್ನು ನೋಡಿದ ರೀತಿ, ಸಣ್ಣ ಮಕ್ಕಳು ಕೇಳಬಾರದ್ದನ್ನು ಕೇಳಿದಾಗ ನಾವು ನೋಡುವ ರೀತಿ. "ಹೆಂಗ ಕರೀಬೇಕ್ರಿ ಮೇಡಂ? ನಿಮಗ ಗೊತ್ತಿಲ್ಲದ್ದೇನೈತಿ ಅದರಾಗ."

ಅವತ್ತು ಫೋಟೊ ತೆಗೆಯಲಿಲ್ಲ. ರೊಟ್ಟಿ ತಿಂದು ಬಂದೆ.

ಇನ್ನು ಮುಂದಿನದು ನನ್ನ ಯಶಸ್ಸಿನ ಕತೆ. ಅದನ್ನೇ ಹೇಳಲು ಹೆಚ್ಚು ಕಷ್ಟವಾಗುತ್ತಿದೆ. ಯಾಕೆಂದರೆ ಆ ದಿನದಿಂದ ನಾನು ನಿಜವಾಗಿಯೂ ಒಳ್ಳೆಯ ಸಂಶೋಧಕಿಯಾದೆ. ಇದು ಜಂಬದ ಮಾತಲ್ಲ. ಜೀಪನ್ನು ಊರ ಹೊರಗೇ ನಿಲ್ಲಿಸಿ ನಡೆಯತೊಡಗಿದೆ. 'ಒಲೆ ಬಳಸುತ್ತೀರಾ' ಎಂದು ಕೇಳುವುದನ್ನು ಬಿಟ್ಟು 'ಇವತ್ತು ಬೆಳಗ್ಗೆ ಏನು ಮಾಡಿದಿರಿ, ಯಾವ ಪಾತ್ರೆಯಲ್ಲಿ' ಎಂದು ಕೇಳುವುದನ್ನು ಕಲಿತೆ. ಕೇಳುವುದಕ್ಕಿಂತ ಮುಂಚೆ ಹಿತ್ತಲಿಗೆ ಹೋಗಿ ಬೋಗುಣಿಗಳ ಮಸಿಯ ಗೆರೆ ನೋಡುವುದನ್ನು ಕಲಿತೆ. ಗೆರೆ ಎಷ್ಟು ಎತ್ತರಕ್ಕಿದೆ, ಹಳೆಯದೋ ಹೊಸದೋ, ಒಂದೇ ಪಾತ್ರೆಗಿದೆಯೋ ಎಲ್ಲಕ್ಕೂ ಇದೆಯೋ. ಮೊದಮೊದಲು ತಪ್ಪು ಓದುತ್ತಿದ್ದೆ. ಒಬ್ಬರ ಮನೆಯಲ್ಲಿ ಬಣ್ಣ ಕಾಸಿದ ಡಬ್ಬಿಯನ್ನು ಸಾರಿನ ಪಾತ್ರೆ ಎಂದು ಬರೆದುಕೊಂಡಿದ್ದೆ. ನಿಧಾನವಾಗಿ ಕಣ್ಣು ಪಳಗಿತು. ಕೂಡಲೇ ಬಾಯಿ ಹಾಕದೆ ಸುಮ್ಮನಿರುವುದೂ ಒಂದು ವಿದ್ಯೆ ಎಂದು ನಲವತ್ತು ದಾಟಿದ ಮೇಲೆ ಗೊತ್ತಾಯಿತು. ಹಂಚು ಕೂರುವಂತೆ ಒಲೆಯ ಬಾಯಿ ಅಗಲ ಮಾಡಿದೆವು. ಈ ಸಲ ಗಂಗವ್ವನ ಕೋಳಿಗೆ ಬೇರೆ ಜಾಗ ನೋಡಬೇಕಾಯಿತು.

ಡೈರೆಕ್ಟರರಿಗೆ ಹಳೆಯ ವರದಿ ತಪ್ಪೆಂದು ಹೇಳಿದೆ. "ಫೀಲ್ಡಿನಲ್ಲಿ ಹಿಂಗಾಗೂದ, ಲರ್ನಿಂಗ್ ಎಕ್ಸ್‌ಪೀರಿಯನ್ಸ್" ಎಂದರು. ಫಾರ್ಮು ತಿದ್ದಿದ್ದನ್ನು ಹೇಳಲಿಲ್ಲ. ಸುಜಾತಾಳ ಬಗ್ಗೆ ಬರೆದ ನೋಟನ್ನು ವಾಪಸು ತೆಗೆದುಕೊಳ್ಳಲಿಲ್ಲ. ಅವಳ ಜಾಗಕ್ಕೆ ಆಗಲೇ ಬೇರೆ ಹುಡುಗಿ ಬಂದಿದ್ದಳು, ಈಗ ಯಾಕೆ ಎಂದುಕೊಂಡೆ. ಹುಸೇನಸಾಬನ ಹತ್ತಿರ ಮಾತ್ರ ಒಮ್ಮೆ ಕೇಳಿದೆ.

"ನಿನಗ ಮೊದಲ ಗೊತ್ತಿತ್ತೇನೋ?"

"ಯಾವುದ್ರಿ? ಒಲೀದೋ, ಹುಡುಗೀದೋ?"

"ಎರಡೂ."

"ಎರಡೂ ಗೊತ್ತಿತ್ರಿ."

"ಮತ್ತ ಯಾಕ ಹೇಳಲಿಲ್ಲ?"

"ನೀವು ಇಂಗ್ಲಿಷ್‌ದಾಗ ಬರಕೋತ ಕುಂತಿದ್ರಿ ಮೇಡಂ. ನಡುವ ಹೆಂಗ ಮಾತಾಡೂದ್ರಿ."

ಸುಜಾತಾ ಬಿಜ್ಜರಗಿಯ ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿದಳೆಂದು ಅವನೇ ಹೇಳಿದ. ನಾನು ಆ ದಾರಿಯಲ್ಲಿ ಎಷ್ಟು ಸಲ ಓಡಾಡಿದೆನೋ ಲೆಕ್ಕವಿಲ್ಲ. ಒಮ್ಮೆ ತಿಕೋಟಾ ಸ್ಟ್ಯಾಂಡಿನಲ್ಲಿ ಕಂಡಳು. ಹೆಗಲ ಮೇಲೆ ಮಗು, ಕೈಯಲ್ಲಿ ರಿಜಿಸ್ಟರ್ ಪುಸ್ತಕ. ಜೀಪಿನಲ್ಲಿ ಕೂತಿದ್ದ ನಾನು ತೊಡೆಯ ಮೇಲಿನ ಫೈಲು ತೆರೆದು ಓದತೊಡಗಿದೆ. ಅದು ಖಾಲಿ ಫೈಲು.

ಆಮೇಲೆ ನಾನು ಟ್ರೇನಿಂಗ್ ಕೊಡುವವಳಾದೆ. ಹೊಸ ಹುಡುಗ ಹುಡುಗಿಯರಿಗೆ ಫೀಲ್ಡ್ ಮೆಥಡ್ಸ್. ನನ್ನ ಬೋಗುಣಿಯ ಲೆಕ್ಚರು ನಮ್ಮ ಸುತ್ತಿನ ಕಾಲೇಜುಗಳಲ್ಲಿ ಸ್ವಲ್ಪ ಹೆಸರಾಯಿತು. ಮೊದಲ ಸಲ ಹೇಳುವಾಗ, ದೇವರಾಣೆ, ನಿಜವನ್ನೇ ಹೇಳಲು ಹೊರಟಿದ್ದೆ. 'ನಮ್ಮ ಒಬ್ಬ ಇನ್ವೆಸ್ಟಿಗೇಟರ್ ಕಟ್ಟೆಯ ಮೇಲೆ ಕೂತಿದ್ದಾಗ' ಎಂದು ಶುರುಮಾಡಬೇಕು. ಆದರೆ ಹಾಗೆ ಶುರುಮಾಡಿದರೆ, ಅವಳು ಕಟ್ಟೆಯ ಮೇಲೆ ಯಾಕೆ ಕೂತಿದ್ದಳು ಎಂದು ಹೇಳಬೇಕಾಗುತ್ತದೆ. ಅವಳು ಹೇಳಿದಾಗ ನಾನು ಏನು ಮಾಡಿದೆ ಎಂದೂ ಹೇಳಬೇಕಾಗುತ್ತದೆ. ಎದುರಿಗೆ ಅರವತ್ತು ಮುಖಗಳು. "ಒಮ್ಮೆ ನಾನು ಕಟ್ಟೆಯ ಮೇಲೆ ಕೂತಿದ್ದೆ" ಎಂದುಬಿಟ್ಟೆ. ಎಲ್ಲರೂ ಬರೆದುಕೊಂಡರು. ಕಡೆಗೆ ಚಪ್ಪಾಳೆ. ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. ಹತ್ತನೆಯ ಸಲದ ಹೊತ್ತಿಗೆ ಆ ಕಟ್ಟೆಯ ಕಲ್ಲು ಎಷ್ಟು ಕಾದಿತ್ತು ಎಂದು ಕೂಡ ವರ್ಣಿಸುತ್ತಿದ್ದೆ. ನಾನು ಆ ಕಟ್ಟೆಯ ಮೇಲೆ ಒಂದು ದಿನವೂ ಕೂತವಳಲ್ಲ.

ಈಗ ನಾನು ಇರುವುದು ವಿಜಾಪುರದ ಅಥಣಿ ರಸ್ತೆಯ ಹೊಸ ಲೇಔಟಿನಲ್ಲಿ, ಮಗ ಸೊಸೆಯ ಜೊತೆ. ಹಿಂದಿನ ಚಳಿಗಾಲದಲ್ಲಿ ಒಬ್ಬ ಹುಡುಗಿ ಮನೆಗೆ ಬಂದಳು. ಹೆಸರು ಪ್ರಜ್ಞಾ. ಸಮಾಜಕಾರ್ಯದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಈ ಭಾಗದಲ್ಲಿ ಫೀಲ್ಡ್ ಕೆಲಸ ಹೇಗೆ ಬೆಳೆಯಿತು ಎಂಬುದೇ ಅವಳ ವಿಷಯ. ನನ್ನ ಹಳೆಯ ಲೆಕ್ಚರಿನ ಝೆರಾಕ್ಸ್ ತಂದಿದ್ದಳು. ಚಹಾ ಕುಡಿದು, ಹೊರಡುವಾಗ ಹೇಳಿದಳು:

"ಮೇಡಂ, ನಮ್ಮವ್ವಾನೂ ನಿಮ್ಮ ಕೈಯಾಗ ಕೆಲಸಾ ಮಾಡ್ಯಾಳಂತ್ರಿ. ತಿಕೋಟಾದ ಸುಜಾತಾ. ಒಮ್ಮೆ ಮನಿಗೆ ಬರಬೇಕಂತ್ರಿ ನೀವು."

ಒಂದು ವಾರ ತಯಾರಿ ನಡೆಸಿದೆ. ಏನು ಹೇಳಬೇಕೆಂದು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಇಂಗ್ಲಿಷಿನಲ್ಲಿ ಸರಾಗ ಬರುತ್ತಿತ್ತು. 'ಐ ಓ ಯು ಆ್ಯನ್ ಅಪಾಲಜಿ.' ಅದು ಲೈಬ್ರರಿ ಪುಸ್ತಕ ತಡವಾಗಿ ಕೊಟ್ಟವರು ಹೇಳುವಂತೆಯೂ ಕೇಳಿಸಿತು. ಕನ್ನಡದಲ್ಲಿ 'ತಪ್ಪಾತವಾ' ಎಂಬ ಒಂದು ಮಾತು. ಅದು ಮಾತ್ರ ಪ್ರತಿ ಸಲ 'ತಪ್ಪಾ' ಎಂಬಲ್ಲಿಗೇ ನಿಲ್ಲುತ್ತಿತ್ತು. ಸೊಸೆ, "ಅತ್ತಿ, ಯಾರ ಜೋಡಿ ಜಗಳಾಡಾಕತ್ತೀರ್ರಿ ಒಳಗ?" ಎಂದು ಬಾಗಿಲು ಬಡಿದಳು.

ಬಸ್ಸಿನಲ್ಲಿ ಹೋದೆ. ದ್ರಾಕ್ಷಿಯ ಕಾಲ. ರಸ್ತೆಯ ಎರಡೂ ಬದಿಗೆ ಒಣದ್ರಾಕ್ಷಿಯ ಶೆಡ್ಡುಗಳು. ಸುಜಾತಾ ಸ್ಟ್ಯಾಂಡಿಗೇ ಬಂದಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು, ಒಂದು ಮೊಣಕಾಲು ಎಳೆಯುತ್ತಿದ್ದಳು. ನಾನು ಗುರುತು ಹಿಡಿಯುವ ಮೊದಲೇ ಅವಳು ನನ್ನ ಚೀಲ ಇಸಿದುಕೊಂಡಳು.

"ಬರ್ರಿ ಮೇಡಂ. ತೆಳ್ಳಗಾಗೀರಿ."

"ವಯಸ್ಸಾತಲ್ಲ ಸುಜಾತಾ."

"ನನಗೂ ಆತ್ರಿ. ನಿಮಗೊಬ್ಬರಿಗ ಅಲ್ಲ."

ಮನೆಯಲ್ಲಿ ನನ್ನನ್ನು ಪಡಸಾಲೆಯಲ್ಲಿ ಕೂರಿಸಲಿಲ್ಲ. ನೇರ ಅಡುಗೆಮನೆಗೆ ಕರೆದೊಯ್ದು ಕುರ್ಚಿ ಹಾಕಿದಳು. ತಾನು ಕೆಳಗೆ ಕೂತು ಮೆಂತ್ಯೆಪಲ್ಲೆ ಸೋಸತೊಡಗಿದಳು. ಅಂಗನವಾಡಿಯ ಕತೆ ಹೇಳಿದಳು. ಮಕ್ಕಳು ಮನೆಯಲ್ಲಿ ಉಂಡುಬಂದರೋ ಇಲ್ಲವೋ ಎಂದು ತಾಯಂದಿರನ್ನು ಕೇಳುತ್ತಿರಲಿಲ್ಲವಂತೆ, ತಿಂದದ್ದರ ಗುರುತು ಇದೆಯೋ ಎಂದು ಮಕ್ಕಳ ಉಗುರಿನ ಸಂದಿ ನೋಡುತ್ತಿದ್ದಳಂತೆ. ಅವಳೂ ಇಷ್ಟು ವರ್ಷ ಅದೇ ಕೆಲಸ ಮಾಡಿಕೊಂಡು ಬಂದಿದ್ದಳು. ಅದನ್ನು ರಿಸರ್ಚ್ ಎಂದು ಕರೆಯುವವರು ಯಾರೂ ಇರಲಿಲ್ಲ. ಆ ಸಂಸ್ಥೆಯ ದಿನಗಳ ಬಗ್ಗೆ ಅವಳು ಏನೂ ಎತ್ತಲಿಲ್ಲ. ಮಾತಿನ ನಡುವೆ ಸಂದು ಸಿಕ್ಕಾಗಲೆಲ್ಲ ನಾನು, ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಪ್ರಜ್ಞಾ ಮೊಬೈಲು ತಂದು ನನ್ನ ಮುಂದೆ ಇಟ್ಟು ರೆಕಾರ್ಡಿಂಗ್ ಹಚ್ಚಿದಳು.

"ಮೇಡಂ, ಆ ಮಸಿ ಗೆರಿ ನೋಡೂದು ನಿಮಗ ಮೊದಲ ಹೆಂಗ ಹೊಳೀತ್ರಿ? ನಿಮ್ಮ ಮಾತಿನ್ಯಾಗ ಬೇಕು ನನಗ."

ಸುಜಾತಾಳ ಕೈ ನಿಂತಿತು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

"ಹೇಳ್ರಿ ಮೇಡಂ" ಎಂದಳು. "ಆಕಿಗೂ ಗೊತ್ತಾಗ್ಲಿ."

ನಾನು ಬಾಯಿ ತೆರೆದೆ. ಮೊಬೈಲಿನ ಕೆಂಪು ಚುಕ್ಕಿ ಮಿಣಮಿಣ ಎನ್ನುತ್ತಿತ್ತು. "ಯು ಸೀ, ಪ್ರಜ್ಞಾ," ಎಂದೆ, "ಇಂಥವೆಲ್ಲ ಒಬ್ಬರಿಗೆ ಹೊಳೆಯುವುದಲ್ಲ. ಇಟ್ ವಾಸ್ ಎ ಟೀಮ್ ಎಫರ್ಟ್."

ಪ್ರಜ್ಞಾ 'ಟೀಮ್ ಎಫರ್ಟ್' ಎಂ‍ದು ನೋಟ್‌ಬುಕ್ಕಿನಲ್ಲೂ ಬರೆದುಕೊಂಡಳು. ಸುಜಾತಾ ಮತ್ತೆ ಮೆಂತ್ಯೆಯ ಕಡೆಗೆ ಬಾಗಿದಳು. "ಮೇಡಂಗ ಊಟಕ್ಕ ತಾಟು ಹಾಕು, ಬಸ್ಸಿನ ಹೊತ್ತಾಗ್ತೈತಿ" ಎಂದು ಮಗಳಿಗೆ ಹೇಳಿದಳು.

ಊಟ ಚೆನ್ನಾಗಿತ್ತು ಎಂದು ನಾನು ಎರಡು ಸಲ ಹೇಳಿದೆ. ಸ್ಟ್ಯಾಂಡಿನವರೆಗೆ ಅವಳೇ ಚೀಲ ಹಿಡಿದುಕೊಂಡು ಬಂದಳು. ಕಂಡಕ್ಟರನಿಗೆ, "ತಮ್ಮಾ, ವಯಸ್ಸಾದವರದಾರ, ಮುಂದಿನ ಸೀಟು ಕೊಡು" ಎಂದು ಹೇಳಿ, ಕಿಟಕಿಯಿಂದ ಚೀಲವನ್ನು ನನ್ನ ತೊಡೆಯ ಮೇಲಿಟ್ಟಳು. ನಾನು, "ಸುಜಾತಾ" ಎಂದೆ. ಅವಳು, "ಹುಷಾರ್ ಹೋಗ್ರಿ" ಎಂದಳು.

ಬಸ್ಸು ಬಿಡಲು ಇನ್ನೂ ವೇಳೆಯಿತ್ತು. ಡ್ರೈವರ್ ಕೆಳಗೆ ನಿಂತು ಎಲೆ ಹಾಕಿಕೊಳ್ಳುತ್ತಿದ್ದ. ನಮ್ಮ ಕಡೆ ಬೀಳ್ಕೊಡಲು ಬಂದವರು ಬಸ್ಸು ಕಣ್ಮರೆಯಾಗುವ ತನಕ ನಿಲ್ಲುತ್ತಾರೆ. ಬೇಡದ ನೆಂಟರಿಗೂ ನಿಲ್ಲುತ್ತಾರೆ. ಸುಜಾತಾ ನಿಲ್ಲಲಿಲ್ಲ. ಸೆರಗು ಸರಿಮಾಡಿಕೊಂಡು, ಮೊಣಕಾಲು ಎಳೆಯುತ್ತ, ಹಣ್ಣಿನ ಗಾಡಿಗಳ ನಡುವಿನಿಂದ ಮನೆಯ ಕಡೆಗೆ ನಡೆದಳು. ಒಬ್ಬ ಹಣ್ಣಿನವಳು ಏನೋ ಕೇಳಿದಳು, ಇವಳು ನಿಂತು ಏನೋ ಹೇಳಿದಳು, ಇಬ್ಬರೂ ನಕ್ಕರು. ಆಮೇಲೆ ಓಣಿಗೆ ತಿರುಗಿದಳು. ನಾನು ಅವಳನ್ನು ಕಡೆಯ ಸಲ ಕಂಡದ್ದು ಅಷ್ಟೇ.